ಪಲ್ವಂಕರ್ ಬಾಲೂ

ಪಲ್ವಂಕರ್ ಬಾಲೂ (19 ಮಾರ್ಚ್ 1876 – 4 ಜುಲೈ 1955) ಭಾರತದ ಆರಂಭಿಕ ಕಾಲದ ಶ್ರೇಷ್ಠ ಕ್ರಿಕೆಟ್ ಆಟಗಾರರಲ್ಲಿ ಒಬ್ಬರು. ಇವರು ಎಡಗೈ ನಿಧಾನಗತಿಯ ಸ್ಪಿನ್ ಬೌಲರ್ ಆಗಿದ್ದರು. ಆಗ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡದಲ್ಲಿ ಜನಿಸಿದ ಇವರು ಪುಣೆ ಮತ್ತು ಮುಂಬೈಗಳಲ್ಲಿ ಬೆಳೆದು, ಮುಂಬೈಯ ಪ್ರಸಿದ್ಧ ವಾರ್ಷಿಕ ಪಂದ್ಯಾವಳಿಗಳಲ್ಲಿ ಹಿಂದೂ ತಂಡದ ಪರವಾಗಿ ಆಡಿದರು. 1911ರಲ್ಲಿ ಇಂಗ್ಲೆಂಡ್ ಪ್ರವಾಸ ಕೈಗೊಂಡ ಅಖಿಲ ಭಾರತ ತಂಡದ ಅತ್ಯಂತ ಯಶಸ್ವಿ ಬೌಲರ್ ಇವರೇ. ಅಸ್ಪೃಶ್ಯವೆಂದು ದೂರವಿಡಲಾಗಿದ್ದ ಸಮುದಾಯದಿಂದ ಬಂದು ದೇಶವ್ಯಾಪಿ ಕೀರ್ತಿ ಗಳಿಸಿದ ಮೊದಲ ಕ್ರೀಡಾಪಟುವೆಂದು ಇವರನ್ನು ಪರಿಗಣಿಸಲಾಗುತ್ತದೆ. ಆದರೂ ಸುಮಾರು 15 ವರ್ಷಗಳ ಕಾಲ ಆಡಿದ ತಂಡದ ನಾಯಕತ್ವ ಇವರಿಗೆ ವಿಧಿಪೂರ್ವಕವಾಗಿ ಎಂದೂ ದೊರೆಯಲಿಲ್ಲ. ಆ ಗೌರವವು 1923ರಲ್ಲಿ ಇವರ ತಮ್ಮನಾದ ಪಲ್ವಂಕರ್ ವಿಠ್ಠಲರಿಗೆ ಲಭಿಸಿತು.

ಜನನ ಮತ್ತು ಮನೆತನ

ಬಾಲೂ ಅವರ ಕುಟುಂಬದ ಮೂಲ ಊರು ಕೊಂಕಣ ತೀರದ ರತ್ನಾಗಿರಿ ಸೀಮೆಯ ಪಾಲ್ವಣ್ ಎಂಬ ಗ್ರಾಮ. ಪಲ್ವಂಕರ್ ಎಂಬ ಅಡ್ಡಹೆಸರು ಈ ಊರಿನಿಂದಲೇ ಬಂದಿದೆ. ಕುಟುಂಬವು ತೊಗಲು ಹದ ಮಾಡುವ, ಚಪ್ಪಲಿ ಹೊಲಿಯುವ ಕಸುಬಿನೊಂದಿಗೆ ಗುರುತಿಸಲಾಗುತ್ತಿದ್ದ ಚಮಾರ ಸಮುದಾಯಕ್ಕೆ ಸೇರಿತ್ತು. ಹಳ್ಳಿಯ ಜಾತಿಕಟ್ಟಳೆಗಳಿಂದ ಹೊರಬರಲು ಈ ಸಮುದಾಯದ ಅನೇಕರಿಗೆ ಬ್ರಿಟಿಷ್ ಸೇನೆಯ ಉದ್ಯೋಗವು ಒಂದು ದಾರಿಯಾಗಿತ್ತು. ಬಾಲೂ ಅವರ ತಂದೆಯೂ ಅಂತಹ ಉದ್ಯೋಗದಲ್ಲಿದ್ದರು. ಹೀಗಾಗಿ ಧಾರವಾಡದಲ್ಲಿ ಹುಟ್ಟಿದ ಬಾಲೂ ಅವರ ಬಾಲ್ಯವು ಪುಣೆಯ ದಂಡುಪ್ರದೇಶದಲ್ಲಿ ಕಳೆಯಿತು.

ಶಿವರಾಮ್, ಗಣಪತ್ ಮತ್ತು ವಿಠ್ಠಲ್ ಇವರ ತಮ್ಮಂದಿರು. ನಾಲ್ವರೂ ಮುಂದೆ ಹೆಸರಾಂತ ಕ್ರಿಕೆಟಿಗರಾದರು. ಪುಣೆಯ ಸೇನಾಧಿಕಾರಿಗಳು ಆಡಿ ಬಿಟ್ಟ ಹಳೆಯ ಚೆಂಡು ಮತ್ತು ದಾಂಡುಗಳಿಂದ ಬಾಲೂ ಹಾಗೂ ಶಿವರಾಮ್ ಆಟವನ್ನು ಕಲಿತರು. ಮನೆಯ ಪರಿಸ್ಥಿತಿಯಿಂದಾಗಿ ಬಾಲೂ ಅವರು ಶಾಲೆಯನ್ನು ಬೇಗನೆ ಬಿಟ್ಟು ಕೆಲಸಕ್ಕೆ ಸೇರಬೇಕಾಯಿತು.

ಪುಣೆಯ ಮೈದಾನದಲ್ಲಿ

ಬಾಲೂ ಅವರ ಮೊದಲ ಉದ್ಯೋಗ ಪುಣೆಯಲ್ಲಿ ಪಾರ್ಸಿಗಳು ನಡೆಸುತ್ತಿದ್ದ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ ಗುಡಿಸುವುದು ಮತ್ತು ರೋಲರ್ ಎಳೆಯುವುದು ಅವರ ಕೆಲಸವಾಗಿತ್ತು. ತಿಂಗಳ ಸಂಬಳ 3 ರೂಪಾಯಿ. ಬಿಡುವಿನಲ್ಲಿ ಕ್ಲಬ್ಬಿನ ಸದಸ್ಯರಿಗೆ ಆಗಾಗ ಚೆಂಡು ಎಸೆಯುವ ಅವಕಾಶ ಸಿಗುತ್ತಿತ್ತು. 1892ರಲ್ಲಿ ಅವರು ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದರು. ಅಲ್ಲಿ ಪಿಚ್ ಸಿದ್ಧಪಡಿಸುವುದು, ಗೆರೆ ಹಾಕುವುದು, ಅಭ್ಯಾಸದ ನೆಟ್ ಕಟ್ಟುವುದು ಮೊದಲಾದ ಕೆಲಸಗಳಿಗೆ ತಿಂಗಳಿಗೆ 4 ರೂಪಾಯಿ ಸಂಬಳ ದೊರೆಯುತ್ತಿತ್ತು.

ಪೂನಾ ಕ್ಲಬ್ಬಿನ ಟ್ರಾಸ್ ಎಂಬ ಸದಸ್ಯರು ಬಾಲೂ ಅವರಿಗೆ ನೆಟ್‌ನಲ್ಲಿ ಬೌಲಿಂಗ್ ಮಾಡಲು ಮೊದಲು ಪ್ರೋತ್ಸಾಹ ನೀಡಿದರೆಂದು ತಿಳಿದುಬರುತ್ತದೆ. ಆ ಕಾಲದ ಭಾರತದಲ್ಲಿದ್ದ ಯುರೋಪಿಯನ್ ಬ್ಯಾಟ್ಸ್‌ಮನ್‌ಗಳಲ್ಲಿ ಅಗ್ರಗಣ್ಯರಾಗಿದ್ದ ಸೇನಾಧಿಕಾರಿ ಜೆ. ಜಿ. ಗ್ರೇಗ್ ಇದೇ ಕ್ಲಬ್ಬಿನಲ್ಲಿ ಆಡುತ್ತಿದ್ದರು. ಗ್ರೇಗ್ ಇತರರಿಗಿಂತ ಮುಂಚೆಯೇ ಮೈದಾನಕ್ಕೆ ಬಂದು ಬಾಲೂ ಅವರ ಬೌಲಿಂಗ್ ಎದುರಿಸಿ ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಅವರು ಬಾಲೂ ಅವರಿಗೆ 8 ಆಣೆ ಕೊಡುತ್ತಿದ್ದರೆಂದು ಪ್ರತೀತಿಯಿದೆ. ಎಂಟಾಣೆ ಎಂದರೆ ಅರ್ಧ ರೂಪಾಯಿ. ವಾರಕ್ಕೊಮ್ಮೆ ಔಟ್ ಮಾಡಿದರೂ ತಿಂಗಳಿಗೆ 2 ರೂಪಾಯಿ, ಅಂದರೆ ಸಂಬಳದ ಅರ್ಧದಷ್ಟು ಹಣ ಹೆಚ್ಚುವರಿಯಾಗಿ ಸೇರುತ್ತಿತ್ತು.

ಬಾಲೂ ಇಲ್ಲಿ ನೂರಾರು ಗಂಟೆಗಳ ಕಾಲ ಬೌಲಿಂಗ್ ಮಾಡಿದರು. ಆದರೆ ಬ್ಯಾಟ್ ಹಿಡಿಯಲು ಅವರಿಗೆ ಒಮ್ಮೆಯೂ ಅವಕಾಶ ಸಿಗಲಿಲ್ಲ. ಬ್ಯಾಟಿಂಗ್ ದೊರೆಗಳ ಪಾಲಿನದು, ಬೌಲಿಂಗ್ ಆಳುಗಳ ಪಾಲಿನದು ಎಂಬ ಭಾವನೆ ಆ ಕಾಲದಲ್ಲಿ ಬೇರೂರಿತ್ತು. ಚೆಂಡಿನ ಮೇಲಿನ ಅಸಾಧಾರಣ ಹಿಡಿತ ಅವರಿಗೆ ಬಂದದ್ದು ಈ ನಿರಂತರ ದುಡಿಮೆಯಿಂದ.

ಹಿಂದೂ ತಂಡಕ್ಕೆ ಪ್ರವೇಶ

ಬಾಲೂ ಅವರ ಬೌಲಿಂಗ್ ಬಗೆಗಿನ ಸುದ್ದಿ ಪುಣೆಯ ಹಿಂದೂ ಕ್ಲಬ್ಬಿನವರಿಗೂ ತಲುಪಿತು. ಯುರೋಪಿಯನ್ನರ ತಂಡವನ್ನು ಸೋಲಿಸುವ ಹಂಬಲ ಅವರಿಗಿತ್ತು. ಆದರೆ ಅಸ್ಪೃಶ್ಯ ಯುವಕನನ್ನು ತಂಡಕ್ಕೆ ಸೇರಿಸಿಕೊಳ್ಳುವ ವಿಷಯದಲ್ಲಿ ಸದಸ್ಯರಲ್ಲಿ ಭಿನ್ನಾಭಿಪ್ರಾಯ ಉಂಟಾಯಿತು. ಕ್ಲಬ್ಬಿನ ತೆಲುಗು ಸದಸ್ಯರು ಬಾಲೂ ಪರವಾಗಿದ್ದರೆ, ಮರಾಠಿ ಬ್ರಾಹ್ಮಣ ಸದಸ್ಯರಲ್ಲಿ ಹಲವರು ವಿರೋಧಿಸಿದರು. ಇಂತಹ ಬೌಲರನ್ನು ಕೈಬಿಡುವುದು ಮೂರ್ಖತನವಾದೀತು ಎಂಬ ಅಭಿಪ್ರಾಯವನ್ನು ಗ್ರೇಗ್ ಪತ್ರಿಕೆಯ ಮೂಲಕ ವ್ಯಕ್ತಪಡಿಸಿದರು. ಕೊನೆಗೆ ಬಾಲೂ ತಂಡಕ್ಕೆ ಆಯ್ಕೆಯಾದರು.

ಆಯ್ಕೆಯಾದ ಮಾತ್ರಕ್ಕೆ ಸಮಾನತೆ ದೊರೆಯಲಿಲ್ಲ. ಮೈದಾನದಲ್ಲಿ ಬಾಲೂ ಮುಟ್ಟಿದ ಚೆಂಡನ್ನೇ ಉಳಿದ ಹತ್ತು ಮಂದಿಯೂ ಮುಟ್ಟುತ್ತಿದ್ದರು. ಚಹಾ ವಿರಾಮದಲ್ಲಿ ಮಾತ್ರ ಅವರಿಗೆ ಪೆವಿಲಿಯನ್ನಿನ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿತ್ತು. ಊಟಕ್ಕೆ ಪ್ರತ್ಯೇಕ ತಟ್ಟೆ, ಪ್ರತ್ಯೇಕ ಜಾಗ. ಆಟದ ವೇಳೆ ಸಡಿಲವಾಗುತ್ತಿದ್ದ ಕಟ್ಟಳೆ ವಿರಾಮದ ಹೊತ್ತಿಗೆ ಮತ್ತೆ ಜಾರಿಗೆ ಬರುತ್ತಿತ್ತು.

ಬಾಲೂ ಅವರ ನೆರವಿನಿಂದ ಪುಣೆಯ ಹಿಂದೂಗಳು ಯುರೋಪಿಯನ್ ತಂಡಗಳ ಮೇಲೆ ಗೆಲ್ಲತೊಡಗಿದರು. ಸಾತಾರಾದ ಯುರೋಪಿಯನ್ ಜಿಮಖಾನಾ ವಿರುದ್ಧದ ಪಂದ್ಯದಲ್ಲಿ ಅವರು 7 ವಿಕೆಟ್ ಪಡೆದು ಗೆಲುವಿಗೆ ಕಾರಣರಾದರು. ವಿಜಯದ ನಂತರ ಅವರನ್ನು ಆನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಲಾಯಿತು. ಪುಣೆಯಲ್ಲಿ ನಡೆದ ಸನ್ಮಾನದಲ್ಲಿ ಸಮಾಜ ಸುಧಾರಕ ಹಾಗೂ ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರು ಬಾಲೂ ಅವರಿಗೆ ಹಾರ ಹಾಕಿದರು. ಜೊತೆಯಲ್ಲಿ ಆಡಬಹುದಾದವರು ಜೊತೆಯಲ್ಲಿ ಕುಳಿತು ಉಣ್ಣಲೂಬಹುದು ಎಂಬ ತರ್ಕವನ್ನು ರಾನಡೆ ಮುಂದಿಟ್ಟರು.

ಮುಂಬೈಯಲ್ಲಿ

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಪಶ್ಚಿಮ ಭಾರತವನ್ನು ಪ್ಲೇಗ್ ಪೀಡಿಸುತ್ತಿದ್ದ ಕಾಲದಲ್ಲಿ ಬಾಲೂ ಅವರ ಕುಟುಂಬ ಮುಂಬೈಗೆ ತೆರಳಿತು. ಬಾಲೂ ಅಲ್ಲಿ ಕೆಲಕಾಲ ಸೇನೆಯಲ್ಲಿಯೂ ಅನಂತರ ರೈಲ್ವೆಯಲ್ಲಿಯೂ ಕೆಲಸ ಮಾಡಿದರು. ಎರಡೂ ಕಡೆ ಅವರು ಕ್ರಿಕೆಟ್ ಆಡಿದರು.

ಮುಂಬೈಯ ಹಿಂದೂ ಕ್ರಿಕೆಟ್‌ನ ಕೇಂದ್ರವು 1894ರಲ್ಲಿ ಸ್ಥಾಪನೆಯಾದ ಪರಮಾನಂದದಾಸ್ ಜೀವನದಾಸ್ ಹಿಂದೂ ಜಿಮಖಾನಾ. ಇಲ್ಲಿಯೂ ಬಾಲೂ ಅವರನ್ನು ಸೇರಿಸಿಕೊಳ್ಳಲು ಕೆಲವು ಸದಸ್ಯರು ಹಿಂದೇಟು ಹಾಕಿದರು. ತಂಡದ ನಾಯಕ ಕೀರ್ತಿಕರ್ ಅವರು ಒತ್ತಾಯಿಸಿದ್ದರಿಂದ ಪ್ರವೇಶ ಸಾಧ್ಯವಾಯಿತು. ಪುಣೆಗೆ ಹೋಲಿಸಿದರೆ ಮುಂಬೈಯ ವಾತಾವರಣ ಸ್ವಲ್ಪ ಉದಾರವಾಗಿತ್ತು. ಕಾಲಕ್ರಮದಲ್ಲಿ ಬಾಲೂ ಮತ್ತು ಶಿವರಾಮ್ ಇತರ ಆಟಗಾರರೊಡನೆ ಜಿಮಖಾನಾದ ಒಳಗೆ ಊಟಕ್ಕೆ ಕುಳಿತುಕೊಳ್ಳುವಂತಾಯಿತು.

ಪಂದ್ಯಾವಳಿಯ ಹಿನ್ನೆಲೆ

ಭಾರತೀಯರಲ್ಲಿ ಕ್ರಿಕೆಟ್ ಆಟವನ್ನು ಮೊದಲು ಮೈಗೂಡಿಸಿಕೊಂಡವರು ಮುಂಬೈಯ ಪಾರ್ಸಿಗಳು. ಅವರ ಓರಿಯಂಟಲ್ ಕ್ರಿಕೆಟ್ ಕ್ಲಬ್ 1848ರಲ್ಲಿ ಆರಂಭವಾಯಿತು. 1886 ಮತ್ತು 1888ರಲ್ಲಿ ಪಾರ್ಸಿ ತಂಡಗಳು ಇಂಗ್ಲೆಂಡಿಗೂ ಹೋಗಿಬಂದವು. 1892ರಿಂದ ಪಾರ್ಸಿಗಳು ಮತ್ತು ಯುರೋಪಿಯನ್ನರ ನಡುವೆ ಪ್ರೆಸಿಡೆನ್ಸಿ ಪಂದ್ಯಗಳು ನಡೆಯತೊಡಗಿದವು. 1907ರಲ್ಲಿ ಹಿಂದೂಗಳು ಸೇರಿದಾಗ ಅದು ತ್ರಿಕೋನ ಪಂದ್ಯಾವಳಿಯಾಯಿತು. 1912ರಲ್ಲಿ ಮುಸ್ಲಿಮರು ಸೇರಿದಾಗ ಚತುಷ್ಕೋನವಾಯಿತು. 1937ರಲ್ಲಿ ಇತರರು ಎಂಬ ಐದನೆಯ ತಂಡ ಸೇರಿ ಪಂಚಕೋನವಾಯಿತು. ರಣಜಿ ಟ್ರೋಫಿ ಆರಂಭವಾದದ್ದು 1934ರಲ್ಲಿ. ಅದಕ್ಕಿಂತ ಮೊದಲು ದೇಶದ ಕ್ರಿಕೆಟ್ ಋತುವಿನ ಮುಖ್ಯ ಆಕರ್ಷಣೆ ಮುಂಬೈಯ ಈ ಪಂದ್ಯಾವಳಿಯೇ ಆಗಿತ್ತು.

ಆಳುವವರ ಎದುರು ಆತ್ಮಗೌರವ ತೋರಲು ಆಟವನ್ನು ಬಳಸಿಕೊಂಡದ್ದು ಭಾರತವೊಂದೇ ಅಲ್ಲ. ಐರ್ಲೆಂಡಿನಲ್ಲಿ 1884ರಲ್ಲಿ ಸ್ಥಾಪನೆಯಾದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಕೋಲು ಮತ್ತು ಚೆಂಡಿನ ದೇಶೀಯ ಆಟವಾದ ಹರ್ಲಿಂಗ್ ಅನ್ನು ಪುನರುಜ್ಜೀವನಗೊಳಿಸಿತು. ಮುಂದೆ ಅದು ತನ್ನ ಸದಸ್ಯರಿಗೆ ಕ್ರಿಕೆಟ್‌ನಂತಹ ಇಂಗ್ಲಿಷ್ ಆಟಗಳನ್ನು ನಿಷೇಧಿಸಿತು. ಭಾರತೀಯರು ಹಿಡಿದದ್ದು ಬೇರೆ ಹಾದಿ. ಅವರು ಆಳುವವರ ಆಟವನ್ನೇ ಕಲಿತು, ಅದರಲ್ಲೇ ಅವರನ್ನು ಸೋಲಿಸಲು ಹೊರಟರು. ಆದರೆ ತಂಡಗಳು ಧರ್ಮದ ಆಧಾರದ ಮೇಲೆ ರಚನೆಯಾಗಿದ್ದರಿಂದ ಹಿಂದೂ ತಂಡದಲ್ಲಿ ಯಾರಿಗೆ ಎಂತಹ ಸ್ಥಾನ ಎಂಬ ಪ್ರಶ್ನೆ ಅನಿವಾರ್ಯವಾಗಿ ಎದ್ದಿತು. ಬಾಲೂ ಅವರ ಜೀವನದುದ್ದಕ್ಕೂ ಈ ಪ್ರಶ್ನೆ ಹಾಸುಹೊಕ್ಕಾಗಿದೆ.

1906ರ ಐತಿಹಾಸಿಕ ಗೆಲುವು

1906ರ ಫೆಬ್ರವರಿಯಲ್ಲಿ ಹಿಂದೂ ತಂಡವು ಮುಂಬೈಯ ಯುರೋಪಿಯನ್ ತಂಡವನ್ನು ಎದುರಿಸಿತು. ಬಂಗಾಳದ ವಿಭಜನೆಯ ನಂತರ ಸ್ವದೇಶಿ ಚಳವಳಿ ದೇಶದಲ್ಲಿ ಹರಡುತ್ತಿದ್ದ ಸಮಯವದು. ಹಿಂದೂಗಳು ಮೊದಲ ಇನ್ನಿಂಗ್ಸ್‌ನಲ್ಲಿ 242 ರನ್ ಗಳಿಸಿದರು. ಯುರೋಪಿಯನ್ನರು 191ಕ್ಕೆ ಔಟಾದರು. ಎರಡನೆಯ ಇನ್ನಿಂಗ್ಸ್‌ನಲ್ಲಿ ಹಿಂದೂಗಳು 160 ರನ್ ಮಾಡಿದ್ದರಿಂದ ಯುರೋಪಿಯನ್ನರ ಮುಂದೆ 212 ರನ್‌ಗಳ ಗುರಿಯಿತ್ತು. ಅವರು 102 ರನ್‌ಗಳಿಗೆ ಕುಸಿದು 109 ರನ್‌ಗಳಿಂದ ಸೋತರು. ಎರಡೂ ಇನ್ನಿಂಗ್ಸ್ ಸೇರಿ ಬಾಲೂ 8 ವಿಕೆಟ್ ಪಡೆದರು. ಶಿವರಾಮ್ ಕೂಡ ಈ ತಂಡದಲ್ಲಿ ಆಡಿದ್ದರು.

ಈ ಗೆಲುವನ್ನು ದೇಶದ ಪತ್ರಿಕೆಗಳು ಕೇವಲ ಆಟದ ಸುದ್ದಿಯಾಗಿ ನೋಡಲಿಲ್ಲ. ಸುಧಾರಣಾವಾದಿ ಪತ್ರಿಕೆಗಳು ಇದರಲ್ಲಿ ಎರಡು ವಿಜಯಗಳನ್ನು ಕಂಡವು. ಒಂದು, ಯುರೋಪಿಯನ್ನರ ಮೇಲಿನ ವಿಜಯ. ಇನ್ನೊಂದು, ಜಾತಿಯ ಗೋಡೆಯ ಮೇಲಿನ ವಿಜಯ. ಪುಣೆಯಲ್ಲಿ ಹೊರಗೆ ಕೂರಿಸಿ ಕುಡಿಕೆಯಲ್ಲಿ ಚಹಾ ಕೊಡಲಾಗುತ್ತಿದ್ದ ಆಟಗಾರ ಮುಂಬೈಯಲ್ಲಿ ಒಳಗೆ ಊಟ ಮಾಡುವಂತಾದದ್ದನ್ನು ಅವು ವಿಶೇಷವಾಗಿ ಗುರುತಿಸಿದವು.

1911ರ ಇಂಗ್ಲೆಂಡ್ ಪ್ರವಾಸ

1911ರಲ್ಲಿ ಮೊದಲ ಬಾರಿಗೆ ಅಖಿಲ ಭಾರತ ಕ್ರಿಕೆಟ್ ತಂಡವೊಂದು ಇಂಗ್ಲೆಂಡಿಗೆ ಹೋಯಿತು. ಪಟಿಯಾಲದ ಮಹಾರಾಜ ಭೂಪಿಂದರ್ ಸಿಂಗ್ ತಂಡದ ನಾಯಕರಾಗಿದ್ದರು. ಪಾರ್ಸಿ, ಹಿಂದೂ ಮತ್ತು ಮುಸ್ಲಿಂ ಆಟಗಾರರನ್ನು ಒಳಗೊಂಡಿದ್ದ ಈ ತಂಡದಲ್ಲಿ ಬಾಲೂ ಮತ್ತು ಶಿವರಾಮ್ ಇಬ್ಬರೂ ಇದ್ದರು. ಬೆಂಗಳೂರಿನ ಬಿ. ಜಯರಾಮ್ ಕೂಡ ತಂಡದ ಸದಸ್ಯರಾಗಿದ್ದರು. ಆ ವರ್ಷ ಲಂಡನ್ನಿನಲ್ಲಿ ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕವಿದ್ದುದರಿಂದ ಮಹಾರಾಜರು ಹೆಚ್ಚಿನ ಪಂದ್ಯಗಳಲ್ಲಿ ಆಡಲಿಲ್ಲ.

ಪ್ರವಾಸದಲ್ಲಿ ಆಡಿದ 23 ಪಂದ್ಯಗಳಲ್ಲಿ ತಂಡವು 6ರಲ್ಲಿ ಗೆದ್ದು 15ರಲ್ಲಿ ಸೋತಿತು. ಇವುಗಳಲ್ಲಿ ಪ್ರಥಮ ದರ್ಜೆಯ ಪಂದ್ಯಗಳು 14. ಅವುಗಳ ಪೈಕಿ ಲೀಸ್ಟರ್‌ಶೈರ್ ಮತ್ತು ಸೋಮರ್‌ಸೆಟ್ ವಿರುದ್ಧ ಮಾತ್ರ ಗೆಲುವು ದೊರೆಯಿತು. ಲೀಸ್ಟರ್‌ಶೈರ್ ವಿರುದ್ಧ ಬಾಲೂ 11 ವಿಕೆಟ್ ಪಡೆದರು. ಸೋಮರ್‌ಸೆಟ್ ವಿರುದ್ಧದ ಗೆಲುವಿನಲ್ಲಿ ಶಿವರಾಮ್ ಅವರ ಶತಕ ಮುಖ್ಯ ಪಾತ್ರ ವಹಿಸಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಬಾಲೂ 103 ರನ್ ಕೊಟ್ಟು 8 ವಿಕೆಟ್ ಪಡೆದದ್ದು ಪ್ರಥಮ ದರ್ಜೆಯಲ್ಲಿ ಅವರ ಅತ್ಯುತ್ತಮ ಸಾಧನೆ.

ಎಲ್ಲ ಪಂದ್ಯಗಳನ್ನೂ ಸೇರಿಸಿದರೆ ಬಾಲೂ ಈ ಪ್ರವಾಸದಲ್ಲಿ 18.84ರ ಸರಾಸರಿಯಲ್ಲಿ 114 ವಿಕೆಟ್ ಗಳಿಸಿದರು. ಆಗ ಅವರ ವಯಸ್ಸು 35. ಭುಜದ ನೋವಿನ ನಡುವೆಯೂ, ಇನ್ನೊಂದು ತುದಿಯಿಂದ ತಕ್ಕ ಬೆಂಬಲವಿಲ್ಲದೆ, ಅವರು ದೀರ್ಘ ಕಾಲ ಬೌಲಿಂಗ್ ಮಾಡಬೇಕಾಗಿತ್ತು. ಅಪರಿಚಿತ ಹವೆ ಮತ್ತು ಪಿಚ್‌ಗಳಲ್ಲಿ, ಸೋಲುತ್ತಿದ್ದ ತಂಡದ ಪರವಾಗಿ ಈ ಸಾಧನೆ ಬಂದದ್ದರಿಂದ ಇಂಗ್ಲಿಷ್ ವಿಮರ್ಶಕರೂ ಅವರನ್ನು ಮೆಚ್ಚಿಕೊಂಡರು.

ಮುಂಬೈಗೆ ಮರಳಿದಾಗ ಬಾಲೂ ಅವರಿಗೆ ದಲಿತ ಸಮುದಾಯದವರು ಸನ್ಮಾನ ಸಮಾರಂಭ ಏರ್ಪಡಿಸಿದರು. ಅಲ್ಲಿ ಮಾನಪತ್ರವನ್ನು ಅರ್ಪಿಸಿದವರು ಆಗ ಎಲ್ಫಿನ್‌ಸ್ಟನ್ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಇಪ್ಪತ್ತು ವರ್ಷದ ಭೀಮರಾವ್ ಅಂಬೇಡ್ಕರ್. ಇದು ಅಂಬೇಡ್ಕರ್ ಅವರು ಸಾರ್ವಜನಿಕವಾಗಿ ಕಾಣಿಸಿಕೊಂಡ ಮೊದಲ ಸಂದರ್ಭವೆಂದು ಇತಿಹಾಸಕಾರ ರಾಮಚಂದ್ರ ಗುಹಾ ಗುರುತಿಸಿದ್ದಾರೆ. ಆ ಕಾಲದ ದಲಿತ ಯುವಕರಿಗೆ ಬಾಲೂ ಆದರ್ಶ ವ್ಯಕ್ತಿಯಾಗಿದ್ದರು.

ಬೌಲಿಂಗ್ ಶೈಲಿ

ಬಾಲೂ ಎಡಗೈಯಿಂದ ನಿಧಾನವಾಗಿ ಚೆಂಡು ಎಸೆಯುತ್ತಿದ್ದರು. ಕೇವಲ ಚೆಂಡಿನ ತಿರುವನ್ನು ಅವರು ನಂಬಿಕೊಂಡಿರಲಿಲ್ಲ. ಚೆಂಡನ್ನು ಗಾಳಿಯಲ್ಲಿ ತೇಲಿಸುವುದು, ಒಂದೇ ಬಗೆಯ ಕೈಚಲನೆಯಿಂದ ವೇಗವನ್ನು ಬದಲಿಸುವುದು, ಚೆಂಡನ್ನು ಎರಡೂ ದಿಕ್ಕಿಗೆ ತಿರುಗಿಸುವುದು ಇವರಿಗೆ ಸಾಧ್ಯವಿತ್ತು. ಬ್ಯಾಟ್ಸ್‌ಮನ್ನಿನ ದೌರ್ಬಲ್ಯವನ್ನು ಬೇಗ ಅರಿತು ಅಲ್ಲಿಗೇ ಮತ್ತೆ ಮತ್ತೆ ಚೆಂಡು ಹಾಕುವ ತಾಳ್ಮೆಯಿತ್ತು. ಮಳೆಯಿಂದ ಒದ್ದೆಯಾಗಿ ಬಿಸಿಲಿಗೆ ಒಣಗುತ್ತಿದ್ದ ಪಿಚ್‌ಗಳಲ್ಲಿ ಇವರನ್ನು ಎದುರಿಸುವುದು ಬಹಳ ಕಷ್ಟವಾಗಿತ್ತು. ಇಂಗ್ಲೆಂಡಿನ ಪ್ರಸಿದ್ಧ ಎಡಗೈ ಬೌಲರ್ ವಿಲ್ಫ್ರೆಡ್ ರೋಡ್ಸ್ ಅವರೊಂದಿಗೆ ಬಾಲೂ ಅವರನ್ನು ಹೋಲಿಸಲಾಗುತ್ತಿತ್ತು. ಮುಂದೆ ವಿನೂ ಮಂಕಡ್ ಮತ್ತು ಬಿಷನ್ ಸಿಂಗ್ ಬೇಡಿ ಅವರ ಮೂಲಕ ಬೆಳೆದ ಭಾರತೀಯ ಎಡಗೈ ಸ್ಪಿನ್ ಪರಂಪರೆಯ ಮೊದಲಲ್ಲಿ ಬಾಲೂ ನಿಲ್ಲುತ್ತಾರೆ.

1905–06ರಿಂದ 1920–21ರವರೆಗೆ ಬಾಲೂ ಒಟ್ಟು 33 ಪ್ರಥಮ ದರ್ಜೆ ಪಂದ್ಯಗಳನ್ನು ಆಡಿ, 15.21ರ ಸರಾಸರಿಯಲ್ಲಿ 179 ವಿಕೆಟ್ ಪಡೆದರು. 13.69ರ ಸರಾಸರಿಯಲ್ಲಿ 753 ರನ್ ಗಳಿಸಿದರು. ಭಾರತ ತನ್ನ ಮೊದಲ ಟೆಸ್ಟ್ ಪಂದ್ಯವನ್ನು ಆಡಿದ್ದು 1932ರಲ್ಲಿ. ಅಷ್ಟರಲ್ಲಿ ಅವರ ಆಟದ ದಿನಗಳು ಮುಗಿದಿದ್ದವು.

ನಾಯಕತ್ವದ ಪ್ರಶ್ನೆ

ಇಂಗ್ಲೆಂಡ್ ಪ್ರವಾಸದ ನಂತರ ಹಿಂದೂ ತಂಡದಲ್ಲಿ ಬಾಲೂ ಅವರಿಗಿಂತ ಹೆಚ್ಚು ಸಾಧನೆ ಮಾಡಿದ ಆಟಗಾರರಿರಲಿಲ್ಲ. ಅನುಭವದಲ್ಲಿಯೂ ಅವರೇ ಹಿರಿಯರಾಗಿದ್ದರು. ಆದರೂ 1910ರ ದಶಕದುದ್ದಕ್ಕೂ ನಾಯಕನ ಆಯ್ಕೆಯ ಸಂದರ್ಭದಲ್ಲಿ ಅವರನ್ನು ಕಡೆಗಣಿಸಲಾಯಿತು. ಹನ್ನೊಂದು ಮಂದಿಯಲ್ಲಿ ಒಬ್ಬನಾಗಿ ಅವರನ್ನು ಒಪ್ಪಿಕೊಂಡವರಿಗೂ, ಮೇಲ್ಜಾತಿಯ ಹತ್ತು ಮಂದಿಗೆ ಅವರು ಆಜ್ಞೆ ನೀಡುವುದು ಒಪ್ಪಿಗೆಯಾಗಲಿಲ್ಲ. ತಂಡದ ನಾಯಕರಾಗಿದ್ದ ಎಂ. ಡಿ. ಪೈ ಅವರು ಈ ಗೌರವ ಬಾಲೂ ಅವರಿಗೆ ಸಲ್ಲಬೇಕಾಗಿತ್ತೆಂದು ಸಭೆಯೊಂದರಲ್ಲಿ ತಾವೇ ಹೇಳಿದರು.

1920ರ ಚತುಷ್ಕೋನ ಪಂದ್ಯಾವಳಿಯ ಋತುವಿನಲ್ಲಿ ಈ ವಿಷಯ ಸ್ಫೋಟಗೊಂಡಿತು. ಅನಾರೋಗ್ಯದಿಂದ ಪೈ ಅವರು ಮೊದಲ ಪಂದ್ಯಕ್ಕೆ ಲಭ್ಯರಿರಲಿಲ್ಲ. ಆಯ್ಕೆಗಾರರು ಪುಣೆಯ ಡಿ. ಬಿ. ದೇವಧರ್ ಅವರನ್ನು ನಾಯಕರನ್ನಾಗಿ ನೇಮಿಸಿದರು. 44 ವರ್ಷದ ಬಾಲೂ ಅವರನ್ನು ತಂಡದಿಂದಲೇ ಕೈಬಿಟ್ಟರು. ದೇವಧರ್ ಸಮರ್ಥ ಬ್ಯಾಟ್ಸ್‌ಮನ್ ಆಗಿದ್ದರು. ಆದರೆ ತಂಡದಲ್ಲಿದ್ದ ಶಿವರಾಮ್ ಮತ್ತು ವಿಠ್ಠಲ್ ಇಬ್ಬರೂ ಆಟದಲ್ಲಿ ಅವರಿಗಿಂತ ಹಿರಿಯರು. ಜಾತಿಯ ಕಾರಣದಿಂದ ತಮ್ಮ ಕುಟುಂಬದ ಹಕ್ಕನ್ನು ಅಲಕ್ಷಿಸಲಾಗಿದೆ ಎಂದು ಇಬ್ಬರು ಸಹೋದರರೂ ತಂಡದಿಂದ ಹಿಂದೆ ಸರಿದರು. ತಮ್ಮ ನಿರ್ಧಾರದ ಕಾರಣಗಳನ್ನು ಬಹಿರಂಗ ಹೇಳಿಕೆಯ ಮೂಲಕ ಪ್ರಕಟಿಸಿದರು.

ಗಾಂಧೀಜಿಯವರ ಅಸಹಕಾರ ಚಳವಳಿ ಆರಂಭವಾಗಿದ್ದ ಸಂದರ್ಭವದು. ಅದೇ ಡಿಸೆಂಬರ್ ತಿಂಗಳಲ್ಲಿ ನಾಗಪುರದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಅಸ್ಪೃಶ್ಯತೆಯ ನಿವಾರಣೆಗೆ ಕರೆ ನೀಡಿತು. ಹೀಗಾಗಿ ಸಹೋದರರ ಪ್ರತಿಭಟನೆಗೆ ಪತ್ರಿಕೆಗಳಲ್ಲಿಯೂ ಸಾರ್ವಜನಿಕರಲ್ಲಿಯೂ ವ್ಯಾಪಕ ಬೆಂಬಲ ವ್ಯಕ್ತವಾಯಿತು. ಮುಂದಿನ ಪಂದ್ಯದ ವೇಳೆಗೆ ಆಯ್ಕೆಗಾರರು ಮಣಿಯಬೇಕಾಯಿತು. ಪೈ ನಾಯಕರಾಗಿ ಮರಳಿದರು, ಬಾಲೂ ಉಪನಾಯಕರಾಗಿ ನೇಮಕಗೊಂಡರು, ಶಿವರಾಮ್ ಮತ್ತು ವಿಠ್ಠಲ್ ತಂಡಕ್ಕೆ ಹಿಂದಿರುಗಿದರು. ಪಾರ್ಸಿಗಳ ವಿರುದ್ಧದ ಆ ಪಂದ್ಯದ ನಡುವೆ ಪೈ ಮೈದಾನದಿಂದ ಹೊರನಡೆದು, ಬಾಲೂ ಕೆಲಹೊತ್ತು ತಂಡವನ್ನು ಮುನ್ನಡೆಸುವಂತೆ ಮಾಡಿದರು. ಬಾಲೂ ಅವರಿಗೆ ದೊರೆತ ನಾಯಕತ್ವ ಇಷ್ಟು ಮಾತ್ರ. ಆ ಋತುವಿನೊಂದಿಗೆ ಅವರ ಪ್ರಥಮ ದರ್ಜೆಯ ಆಟವೂ ಮುಗಿಯಿತು.

1923ರಲ್ಲಿ ವಿಠ್ಠಲ್ ಹಿಂದೂ ತಂಡದ ನಾಯಕರಾದರು. ಆ ವರ್ಷ ಹಿಂದೂಗಳು ಯುರೋಪಿಯನ್ನರನ್ನು ಮಣಿಸಿ ಚತುಷ್ಕೋನ ಪಂದ್ಯಾವಳಿಯನ್ನು ಗೆದ್ದಾಗ ಅಭಿಮಾನಿಗಳು ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. 1925 ಮತ್ತು 1926ರಲ್ಲಿಯೂ ಹಿಂದೂ ತಂಡವೇ ಗೆದ್ದಿತು. ಅಣ್ಣನಿಗೆ ಸಿಗದ ಪದವಿ ತಮ್ಮನಿಗೆ ಸಿಕ್ಕಿದ್ದರಲ್ಲಿ ಅಣ್ಣನ ಸಾಧನೆ ಹಾಗೂ 1920ರ ಪ್ರತಿಭಟನೆ ಎರಡರ ಪಾಲೂ ಇದೆ. ವಿಠ್ಠಲ್ ಮುಂದೆ ಮರಾಠಿಯಲ್ಲಿ ತಮ್ಮ ಕ್ರೀಡಾಜೀವನದ ಆತ್ಮಕಥೆಯನ್ನು ಬರೆದರು. ಪಲ್ವಂಕರ್ ಸಹೋದರರ ಬಗ್ಗೆ ತಿಳಿಯಲು ಅದು ಮುಖ್ಯ ಆಧಾರ.

ರಾಜಕೀಯ ಜೀವನ

ಆಟದಿಂದ ನಿವೃತ್ತರಾದ ಮೇಲೆ ಬಾಲೂ ಸಾರ್ವಜನಿಕ ಜೀವನದಲ್ಲಿ ತೊಡಗಿದರು. ಅವರಿಗೆ ಗಾಂಧೀಜಿಯವರ ಅಸ್ಪೃಶ್ಯತಾ ನಿವಾರಣಾ ಕಾರ್ಯದಲ್ಲಿ ನಂಬಿಕೆಯಿತ್ತು. ದಲಿತರು ಹಿಂದೂ ಸಮಾಜದ ಒಳಗಿದ್ದುಕೊಂಡೇ ಸಮಾನತೆಯನ್ನು ಪಡೆಯಬೇಕು ಎಂಬುದು ಅವರ ನಿಲುವು. ಇದರಿಂದಾಗಿ, ಒಮ್ಮೆ ತಮಗೆ ಮಾನಪತ್ರ ಅರ್ಪಿಸಿದ್ದ ಅಂಬೇಡ್ಕರ್ ಅವರೊಂದಿಗೆ ಭಿನ್ನಾಭಿಪ್ರಾಯ ಮೂಡಿತು.

ಅಂಬೇಡ್ಕರ್ ದಲಿತರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನು ಕೇಳುತ್ತಿದ್ದರು. 1932ರಲ್ಲಿ ಮದ್ರಾಸಿನ ದಲಿತ ನಾಯಕ ಎಂ. ಸಿ. ರಾಜಾ ಮತ್ತು ಹಿಂದೂ ಮಹಾಸಭೆಯ ಬಿ. ಎಸ್. ಮೂಂಜೆ ಅವರು ಜಂಟಿ ಮತಕ್ಷೇತ್ರಗಳ ಪರವಾಗಿ ಮಾಡಿಕೊಂಡ ಒಪ್ಪಂದವನ್ನು ಬಾಲೂ ಬೆಂಬಲಿಸಿದರು. ಅದೇ ಆಗಸ್ಟ್‌ನಲ್ಲಿ ಬ್ರಿಟಿಷ್ ಸರಕಾರ ಪ್ರತ್ಯೇಕ ಮತಕ್ಷೇತ್ರಗಳನ್ನು ಘೋಷಿಸಿತು. ಅದನ್ನು ವಿರೋಧಿಸಿ ಗಾಂಧೀಜಿ ಯರವಡಾ ಜೈಲಿನಲ್ಲಿ ಉಪವಾಸ ಕೈಗೊಂಡರು. ಸೆಪ್ಟೆಂಬರ್‌ನಲ್ಲಿ ಏರ್ಪಟ್ಟ ಪೂನಾ ಒಪ್ಪಂದದ ಪ್ರಕಾರ ಪ್ರತ್ಯೇಕ ಮತಕ್ಷೇತ್ರಗಳ ಬದಲು ಜಂಟಿ ಮತಕ್ಷೇತ್ರಗಳಲ್ಲಿ ಮೀಸಲು ಸ್ಥಾನಗಳನ್ನು ಒಪ್ಪಿಕೊಳ್ಳಲಾಯಿತು. ಪ್ರಾಂತೀಯ ಶಾಸನಸಭೆಗಳಲ್ಲಿ ದಲಿತರಿಗೆ 148 ಸ್ಥಾನಗಳು ನಿಗದಿಯಾದವು. ಈ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅಂಬೇಡ್ಕರ್ ಅವರಂತೆಯೇ ಬಾಲೂ ಅವರೂ ಇದ್ದರು.

1933ರಲ್ಲಿ ಬಾಲೂ ಹಿಂದೂ ಮಹಾಸಭೆಯ ಅಭ್ಯರ್ಥಿಯಾಗಿ ಮುಂಬೈ ನಗರಸಭೆಗೆ ಸ್ಪರ್ಧಿಸಿ ಸೋತರು. ಅಂಬೇಡ್ಕರ್ 1935ರಲ್ಲಿ ಮತಾಂತರದ ಸಂಕಲ್ಪವನ್ನು ಪ್ರಕಟಿಸಿದಾಗ ಅದನ್ನು ವಿರೋಧಿಸಿದರು. 1937ರ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಮುಂಬೈ ಶಾಸನಸಭೆಯ ಮೀಸಲು ಸ್ಥಾನಕ್ಕೆ ಅಂಬೇಡ್ಕರ್ ವಿರುದ್ಧ ಬಾಲೂ ಅವರನ್ನು ಕಣಕ್ಕಿಳಿಸಿತು. ಅಂಬೇಡ್ಕರ್ 13,245 ಮತಗಳನ್ನು ಪಡೆದು ಗೆದ್ದರು. ಬಾಲೂ ಅವರಿಗೆ 11,225 ಮತಗಳು ದೊರೆತವು. ಎರಡು ಸಾವಿರದಷ್ಟಿದ್ದ ಈ ಅಂತರವು, ಆಟ ನಿಲ್ಲಿಸಿ 16 ವರ್ಷಗಳಾಗಿದ್ದರೂ ಬಾಲೂ ಅವರ ಹೆಸರಿಗೆ ಜನರಲ್ಲಿ ಇದ್ದ ಗೌರವವನ್ನು ತೋರಿಸುತ್ತದೆ.

ಈ ಇಬ್ಬರ ವಿರೋಧವನ್ನು ಅಸ್ಪೃಶ್ಯತೆಯ ಪರ ಮತ್ತು ವಿರೋಧಗಳ ನಡುವಿನದೆಂದು ಅರ್ಥಮಾಡಿಕೊಳ್ಳುವುದು ಸರಿಯಲ್ಲ. ಗುರಿ ಇಬ್ಬರದೂ ಒಂದೇ ಆಗಿತ್ತು, ಹಾದಿ ಬೇರೆಯಾಗಿತ್ತು. ಬಾಗಿಲು ನಿಧಾನವಾಗಿಯಾದರೂ ತೆರೆಯುತ್ತದೆ ಎಂಬುದು ಬಾಲೂ ಅವರ ಸ್ವಂತ ಅನುಭವ. ಅದು ಪೂರ್ತಿಯಾಗಿ ತೆರೆಯಲಿಲ್ಲ ಎಂಬುದೂ ಅದೇ ಅನುಭವದ ಇನ್ನೊಂದು ಮುಖ.

ಕೊನೆಯ ದಿನಗಳು

ಧರ್ಮಾಧಾರಿತ ತಂಡಗಳ ಪಂದ್ಯಾವಳಿಯ ಬಗ್ಗೆ 1940ರ ಡಿಸೆಂಬರ್‌ನಲ್ಲಿ ಗಾಂಧೀಜಿ ತಮ್ಮ ಅಸಮ್ಮತಿಯನ್ನು ವ್ಯಕ್ತಪಡಿಸಿದರು. ಪಂಚಕೋನ ಪಂದ್ಯಾವಳಿ 1946ರಲ್ಲಿ ಕೊನೆಗೊಂಡಿತು. ಪ್ರಾಂತ್ಯಗಳ ಆಧಾರದ ಮೇಲೆ ನಡೆಯುವ ರಣಜಿ ಟ್ರೋಫಿ ಅದರ ಸ್ಥಾನವನ್ನು ಪಡೆಯಿತು. ಆ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯ 1934ರ ನವೆಂಬರ್‌ನಲ್ಲಿ ಮದ್ರಾಸ್ ಮತ್ತು ಮೈಸೂರು ತಂಡಗಳ ನಡುವೆ ನಡೆದಿತ್ತು. ಬಾಲೂ ಆಡಿ ಬೆಳೆದ ಕ್ರಿಕೆಟ್ ವ್ಯವಸ್ಥೆ ಹೀಗೆ ಅವರ ಜೀವಿತಕಾಲದಲ್ಲಿಯೇ ಇತಿಹಾಸಕ್ಕೆ ಸೇರಿತು.

1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನವು 17ನೆಯ ವಿಧಿಯ ಮೂಲಕ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಅಸ್ಪೃಶ್ಯತಾ ಆಚರಣೆಯನ್ನು ಶಿಕ್ಷಾರ್ಹ ಅಪರಾಧವನ್ನಾಗಿಸಿದ ಕಾಯಿದೆ 1955ರ ಜೂನ್ 1ರಿಂದ ಜಾರಿಗೆ ಬಂತು. ಅದಾದ ಸುಮಾರು ಒಂದು ತಿಂಗಳಿಗೆ, 1955ರ ಜುಲೈ 4ರಂದು ಬಾಲೂ ಮುಂಬೈಯಲ್ಲಿ ನಿಧನರಾದರು. ಆಗ ಅವರಿಗೆ 79 ವರ್ಷ ವಯಸ್ಸಾಗಿತ್ತು.

ಸ್ಮರಣೆ

ಬಾಲೂ ಅವರ ಹೆಸರು ಅವರ ನಿಧನದ ನಂತರ ಹಲವು ದಶಕಗಳ ಕಾಲ ಬಹುಮಟ್ಟಿಗೆ ಮರೆವಿಗೆ ಸಂದಿತ್ತು. ಟೆಸ್ಟ್ ಪಂದ್ಯಗಳನ್ನು ಆಡದಿದ್ದುದರಿಂದ ಕ್ರಿಕೆಟ್ ದಾಖಲೆಗಳನ್ನು ನೋಡುವವರ ಕಣ್ಣಿಗೂ ಅವರು ಸುಲಭವಾಗಿ ಬೀಳುವುದಿಲ್ಲ. ರಾಮಚಂದ್ರ ಗುಹಾ ಅವರು 2002ರಲ್ಲಿ ಪ್ರಕಟಿಸಿದ ಭಾರತೀಯ ಕ್ರಿಕೆಟ್ಟಿನ ಸಾಮಾಜಿಕ ಇತಿಹಾಸದ ಗ್ರಂಥವು ಪಲ್ವಂಕರ್ ಸಹೋದರರ ಕಥೆಯನ್ನು ವಿಸ್ತಾರವಾಗಿ ನಿರೂಪಿಸಿತು. ಅಂದಿನಿಂದ ಬಾಲೂ ಅವರ ಬಗೆಗಿನ ಆಸಕ್ತಿ ಹೆಚ್ಚಿದೆ. 2001ರಲ್ಲಿ ತೆರೆಕಂಡ ಲಗಾನ್ ಚಲನಚಿತ್ರದ ಕಚ್ರಾ ಎಂಬ ದಲಿತ ಸ್ಪಿನ್ನರ್ ಪಾತ್ರವನ್ನು ಬಾಲೂ ಅವರೊಂದಿಗೆ ಹೋಲಿಸುವುದುಂಟು. ಆದರೆ ಚಿತ್ರದ ಪಾತ್ರ ಒಂದು ಪಂದ್ಯದಲ್ಲಿ ಊರಿನ ಒಪ್ಪಿಗೆಯನ್ನು ಪಡೆಯುತ್ತದೆ. ಬಾಲೂ ಅವರು ಪ್ರತಿ ಋತುವಿನಲ್ಲಿಯೂ ವಿಕೆಟ್‌ಗಳನ್ನು ಪಡೆದು ಅದನ್ನು ಹೊಸದಾಗಿ ಗಳಿಸಬೇಕಾಗಿತ್ತು.

ಕರ್ನಾಟಕದಲ್ಲಿ ಹುಟ್ಟಿದ ಪ್ರಸಿದ್ಧ ಸ್ಪಿನ್ ಬೌಲರ್‌ಗಳನ್ನು ನೆನೆಯುವಾಗ ಸಾಮಾನ್ಯವಾಗಿ ಎರಪಳ್ಳಿ ಪ್ರಸನ್ನ, ಬಿ. ಎಸ್. ಚಂದ್ರಶೇಖರ್ ಮತ್ತು ಅನಿಲ್ ಕುಂಬ್ಳೆ ಅವರ ಹೆಸರುಗಳು ಬರುತ್ತವೆ. ಬಾಲೂ ಅವರ ಆಟ ಬೆಳೆದದ್ದು ಪುಣೆ ಮತ್ತು ಮುಂಬೈಗಳಲ್ಲಾದರೂ, ಜನ್ಮಸ್ಥಳದ ದೃಷ್ಟಿಯಿಂದ ಆ ಸಾಲಿನ ಮೊದಲ ಹೆಸರು ಧಾರವಾಡದ ಈ ಬೌಲರನದು.